ಗುಡ್ಡ ಜರಿದ ಮೇಲೆ ಬರುವವರಿಗೆ, ಜರಿಯುವ ಮೊದಲೇ ಒಂದು ಪತ್ರ

ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಮಾನ್ಯ ಶಾಸಕರು, ಸಂಸದರು ಹಾಗೂ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ವಿಷಯ: ಭೂಕುಸಿತ, ಅತಿವೃಷ್ಟಿಯ ಹಾನಿಯಲ್ಲಿ ಜನಪ್ರತಿನಿಧಿಗಳ ಹೊಣೆಯನ್ನು ದಾಖಲೆಗೆ ತರುವ ಬಗ್ಗೆ.

ಮಾನ್ಯರೇ,

ನಾನು ಮೂಡಿಗೆರೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. ಯಾವ ಪಕ್ಷಕ್ಕೂ ಸೇರಿದವನಲ್ಲ, ಆದರೆ ಪ್ರತಿ ಚುನಾವಣೆಯಲ್ಲೂ ತಪ್ಪದೆ ಮತ ಹಾಕುವವನು. ಮಳೆಗಾಲ ಮುಗಿದು ಕಾಫಿ ಕೊಯ್ಲು ಶುರುವಾಯಿತೆಂದರೆ ಜರಿದ ಗುಡ್ಡದ ಮಾತು ಯಾರಿಗೂ ಬೇಡವಾಗುತ್ತದೆ. ಅದಕ್ಕೇ ಮಳೆ ಇಲ್ಲದ ಈ ದಿನಗಳಲ್ಲಿ, ಯಾರ ಮನೆಯಲ್ಲೂ ಸೂತಕವಿಲ್ಲದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ದುಃಖದಲ್ಲಿ ಏನೋ ಬರೆದಿದ್ದಾನೆ ಎಂದು ಇದನ್ನು ಬದಿಗಿಡಲು ಆಗಬಾರದು.

ನನ್ನ ದೂರು ಇಷ್ಟು. ಗುಡ್ಡ ಜರಿದ ಮೇಲೆ ತಪ್ಪು ಯಾರದ್ದೆಂದು ಹೇಳಲು ನೀವೆಲ್ಲ ಬರುತ್ತೀರಿ. ಅದೇ ಗುಡ್ಡವನ್ನು ಕಡಿಯಲು ಒಪ್ಪಿಗೆ ಕೊಟ್ಟ ಕಾಗದಗಳಲ್ಲಿ ನಿಮ್ಮ ಯಾರ ಸಹಿಯೂ ಸಿಗುವುದಿಲ್ಲ.

2019ರ ಆಶ್ಲೇಷ ಮಳೆ ನಮ್ಮ ಕಡೆಯವರು ಸಾಯುವ ತನಕ ಮರೆಯುವಂಥದ್ದಲ್ಲ. ಆಗಸ್ಟ್ ಎರಡನೇ ವಾರ ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ, ಬಾಳೂರು ಹೊರಟ್ಟಿಗಳಲ್ಲಿ ಗುಡ್ಡಗಳು ಬಾಯಿಬಿಟ್ಟವು. ಗದ್ದೆಯ ಮೇಲೆ ಆಳೆತ್ತರ ಮಣ್ಣು ಬಂದು ಕೂತಿತು. ಚಾರ್ಮಾಡಿ ಘಾಟಿ ಮುಚ್ಚಿತು. ಮೂರು ತಲೆಮಾರು ಬೆಳೆಸಿದ ಕಾಫಿ, ಮೆಣಸು, ಅಡಿಕೆ ಒಂದೇ ರಾತ್ರಿಯಲ್ಲಿ ಹಳ್ಳ ಸೇರಿತು. ಆಗ ರಾಜ್ಯದಲ್ಲಿ ಇದ್ದದ್ದು ಮುಖ್ಯಮಂತ್ರಿ ಒಬ್ಬರೇ. ಜುಲೈ 26ರಂದು ಯಡಿಯೂರಪ್ಪನವರು ಪ್ರಮಾಣವಚನ ಸ್ವೀಕರಿಸಿದ್ದರು, ಸಂಪುಟಕ್ಕೆ ಮಂತ್ರಿಗಳು ಬಂದದ್ದು ಆಗಸ್ಟ್ 20ಕ್ಕೆ. ಅಂದರೆ ಗುಡ್ಡಗಳು ಕುಸಿಯುತ್ತಿದ್ದ ದಿನಗಳಲ್ಲಿ ನಮ್ಮ ಜಿಲ್ಲೆಗೆ ಉಸ್ತುವಾರಿ ಸಚಿವರೇ ಇರಲಿಲ್ಲ. ಅದಕ್ಕೂ ಮೊದಲು ತಿಂಗಳಿಡೀ ಸರ್ಕಾರ ಉಳಿಸುವುದು, ಬೀಳಿಸುವುದೇ ನಡೆದಿತ್ತು. ಇದಕ್ಕೆ ಒಂದೇ ಪಕ್ಷವನ್ನು ಹೊಣೆ ಮಾಡುತ್ತಿಲ್ಲ, ಆ ಜುಲೈನಲ್ಲಿ ಮೂರೂ ಪಕ್ಷಗಳ ಕೈ ಅದರಲ್ಲಿತ್ತು. ಮಳೆಗಾಲದ ನಡುಮಧ್ಯೆ ರಾಜ್ಯವನ್ನು ಹಾಗೆ ಬಿಟ್ಟದ್ದಕ್ಕೆ ಯಾರೂ ಇಂದಿನವರೆಗೆ ಮಲೆನಾಡಿನ ಜನರ ಕ್ಷಮೆ ಕೇಳಿಲ್ಲ ಎಂಬುದನ್ನಷ್ಟೇ ದಾಖಲಿಸುತ್ತಿದ್ದೇನೆ.

ಅದಾದ ಮೇಲಿನ ಒಂದು ಮಳೆಗಾಲದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹೆಸರುಗಳು ಬೇಡ. ನಮ್ಮ ಪಕ್ಕದ ಊರಿನಲ್ಲಿ ರಸ್ತೆ ಅಗಲ ಮಾಡಲು ಒಂದು ಮನೆಯ ಹಿಂದಿನ ಧರೆಯನ್ನು, ಅಂದರೆ ಗುಡ್ಡದ ಏರು ಬದಿಯನ್ನು, ಜೆಸಿಬಿಯಲ್ಲಿ ನೆಟ್ಟಗೆ ಕಡಿದಿದ್ದರು. ಮುಂಗಾರು ಹಿಡಿಯುವ ಮೊದಲೇ ಮೇಲಿನ ಕಣದಲ್ಲಿ ಬಿರುಕು ಬಿಟ್ಟಿತ್ತು. ಆ ಮನೆಯ ಹೆಂಗಸು ಬಿರುಕಿನ ಎರಡೂ ಬದಿಗೆ ಒಂದೊಂದು ಗೂಟ ಹೊಡೆದು, ನಡುವೆ ಗೇಣು ಹಾಕಿ ನೋಡುತ್ತಿದ್ದರು. ಒಂದು ಗೇಣು ಇದ್ದದ್ದು ಒಂದೂವರೆ ಆದ ದಿನ ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ಅರ್ಜಿ ಕೊಟ್ಟು ಬಂದರು. ಯಾರೂ ಬರಲಿಲ್ಲ. ಜುಲೈನಲ್ಲಿ ಧರೆ ಕುಸಿದು ಅಡುಗೆಮನೆ, ಕೊಟ್ಟಿಗೆ ಎರಡೂ ಹೋದವು. ಎರಡು ದಿನ ಬಿಟ್ಟು ನಿಮ್ಮಲ್ಲೊಬ್ಬರು ಬಂದರು. ಹಿಂದೆ ಸಾಲು ಕಾರು, ಕ್ಯಾಮೆರಾದವರು, ಅಧಿಕಾರಿಗಳು. ಕೆಸರಲ್ಲಿ ನಿಂತು ಆ ಹೆಂಗಸನ್ನು ಕೇಳಿದರು: “ಏನಮ್ಮಾ, ಮೊದ್ಲೇ ಹೇಳೋದಲ್ವಾ?”

ಆಕೆ ಸೆರಗಿನೊಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಅರ್ಜಿಯ ಜೆರಾಕ್ಸ್, ಮೇಲೆ ಕಚೇರಿಯ ಮೊಹರು, ತಾರೀಖು. “ಹೇಳಿದೀವಿ ಸಾರ್. ಮೇ ತಿಂಗ್ಳಲ್ಲೇ ಕೊಟ್ಟಿದೀವಿ, ನೋಡಿ.”

ಅವರು ಕಾಗದ ನೋಡಲಿಲ್ಲ. ತಿರುಗಿ ಅಧಿಕಾರಿಯ ಮೇಲೆ ರೇಗಿದರು. ಮಾರನೆಯ ದಿನ ಪತ್ರಿಕೆಯಲ್ಲಿ ಬಂದದ್ದು ‘ಅಧಿಕಾರಿಗಳಿಗೆ ತರಾಟೆ’ ಎಂದು. ಆ ರಸ್ತೆ ಅಗಲವಾಗಲೇಬೇಕು, ಮಳೆಗೆ ಮೊದಲು ಮುಗಿಯಲೇಬೇಕು ಎಂದು ಒತ್ತಾಯ ಮಾಡಿದವರು ಯಾರು, ಗುದ್ದಲಿ ಪೂಜೆಗೆ ಬಂದವರು ಯಾರು ಎಂಬುದು ಆ ಊರಿನಲ್ಲಿ ಎಲ್ಲರಿಗೂ ಗೊತ್ತು. ಸುದ್ದಿಯಲ್ಲಿ ಅದರ ಸೊಲ್ಲೂ ಇರಲಿಲ್ಲ.

ಮಾನ್ಯರೇ, ಅಧಿಕಾರಿಯದ್ದು ತಪ್ಪಿಲ್ಲ ಎನ್ನುತ್ತಿಲ್ಲ. ಅರ್ಜಿಯನ್ನು ಕಡತದೊಳಗೆ ಮಲಗಿಸಿದ್ದು ದೊಡ್ಡ ತಪ್ಪೇ. ಆದರೆ ಅವರಿಗೆ ಕಾನೂನಿದೆ. ವಿಪತ್ತು ನಿರ್ವಹಣಾ ಕಾಯ್ದೆ 2005ರ 56ನೇ ಸೆಕ್ಷನ್ ಪ್ರಕಾರ ಕರ್ತವ್ಯದಿಂದ ಹಿಂದೆ ಸರಿದ ಅಧಿಕಾರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು. ಫೋನಿನಲ್ಲಿ ‘ಆ ಕೆಲಸ ನಿಲ್ಲಿಸಬೇಡಿ’ ಎಂದವರಿಗೆ ಯಾವ ಸೆಕ್ಷನ್ನೂ ಇಲ್ಲ. ಫೋನಿನ ಮಾತು ಕಡತ ಸೇರುವುದೂ ಇಲ್ಲ. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ‘ಮೇಲಿಂದ ಹೇಳಿದ್ದಾರೆ’ ಎಂಬ ಮಾತು ಕೇಳದ ರೈತ ಇಲ್ಲ. ಆ ‘ಮೇಲಿನವರು’ ಯಾರೆಂದು ಬರೆದುಕೊಡಿ ಎಂದರೆ ಮಾತ್ರ ಯಾರೂ ಬರೆದುಕೊಡುವುದಿಲ್ಲ.

ಇದೇ ಕಾಯ್ದೆಯ ಇನ್ನೊಂದು ಮಾತು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜನರಿಂದ ಆಯ್ಕೆಯಾದ ಜಿಲ್ಲಾ ಪಂಚಾಯಿತಿಯ ಪ್ರತಿನಿಧಿ ಸಹ ಅಧ್ಯಕ್ಷರು. ವಿಪತ್ತಿನ ಯೋಜನೆ ಮಾಡುವ ಮೇಜಿನಲ್ಲಿ ಜನರ ಪರವಾಗಿ ಒಬ್ಬರು ಕೂರಲೇಬೇಕು ಎಂದು ಕಾಯ್ದೆ ಬರೆದವರು ಯೋಚಿಸಿದ್ದರು. ನೀವು ಏನು ಮಾಡಿದಿರಿ? ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಒಬ್ಬರ ಸರ್ಕಾರ ಕ್ಷೇತ್ರ ಮರುವಿಂಗಡಣೆ ಎಂದಿತು, ಇನ್ನೊಬ್ಬರ ಸರ್ಕಾರ ಮೀಸಲಾತಿ ಎಂದಿತು, ವರ್ಷಗಳುರುಳಿದವು, ಚುನಾವಣೆ ಮಾತ್ರ ಆಗಲಿಲ್ಲ. 2024ರಲ್ಲಿ ಶಿರಾಡಿ ಘಾಟಿ ಕುಸಿಯುವಾಗ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಆ ಸಹ ಅಧ್ಯಕ್ಷರ ಕುರ್ಚಿ ಖಾಲಿ. ಹೊಣೆ ಹೊರಬೇಕಾದ ಜನಪ್ರತಿನಿಧಿಯನ್ನೇ ಇಲ್ಲವಾಗಿಸಿ, ಆಮೇಲೆ ಅಧಿಕಾರಿಗಳು ಕೆಲಸ ಮಾಡಲಿಲ್ಲ ಎಂದರೆ ಹೇಗೆ?

ಶಿರಾಡಿಯ ಮಾತು ಬಂದಿತಲ್ಲ. ಆ ಜುಲೈನಲ್ಲಿ ಸಕಲೇಶಪುರದಾಚೆ ದೊಡ್ಡತಪ್ಲು ಬಳಿ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಗುಡ್ಡ ಮತ್ತೆ ಮತ್ತೆ ಇಳಿಯಿತು. ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೇ ಕೊಚ್ಚಿಹೋಗಿ ಮಂಗಳೂರು ರೈಲುಗಳು ನಿಂತವು. ಆಗಸ್ಟ್ ಮೊದಲ ವಾರ ಸ್ಥಳಕ್ಕೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಗುಡ್ಡವನ್ನು ತೊಂಬತ್ತು ಡಿಗ್ರಿಯಲ್ಲಿ ನೆಟ್ಟಗೆ ಕಡಿದದ್ದೇ ಕಾರಣ ಎಂದರು. ಸರಿಯಾದ ಮಾತು. ನಮ್ಮ ಮಣ್ಣು ಬಂಡೆಯಲ್ಲ. ಮೇಲೆ ಕೆಂಪು ಮಣ್ಣು, ಅದರಡಿ ಶಿಥಿಲವಾದ ಶೇಡಿ ಮಣ್ಣು, ಅದರಡಿ ಕಲ್ಲು. ಮಳೆ ನೀರು ಶೇಡಿಯಲ್ಲಿ ತುಂಬಿ ಕಲ್ಲಿನ ಮೇಲೆ ನಿಂತಾಗ ಮೇಲಿನ ಮಣ್ಣಿಗೆ ಹಿಡಿತವಿರುವುದಿಲ್ಲ. ಅಂಥ ಗುಡ್ಡದ ಬುಡ ಕಡಿದರೆ ಅದು ನಿಲ್ಲುವುದಾದರೂ ಯಾವುದರ ಮೇಲೆ? ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು, ಮೇಲಿನ ನೀರು ಬದಿಗೆ ಹೋಗಲು ಚರಂಡಿ ಮಾಡಬೇಕು, ತಡೆಗೋಡೆಯಲ್ಲಿ ನೀರು ಬಸಿಯಲು ತೂತು ಬಿಡಬೇಕು. ಇದು ತೋಟದಲ್ಲಿ ರಸ್ತೆ ಮಾಡಿಸಿದ ಯಾವ ಮೇಸ್ತ್ರಿಗೂ ಗೊತ್ತಿರುವ ವಿಚಾರ.

ಆದರೆ ಆ ಗುಡ್ಡವನ್ನು ರಾತ್ರೋರಾತ್ರಿ ಕದ್ದು ಕಡಿದಿರಲಿಲ್ಲ. ವರ್ಷಗಟ್ಟಲೆ, ಹಾಡಹಗಲೇ, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಪ್ರತಿಯೊಬ್ಬ ಶಾಸಕ, ಸಂಸದ, ಮಂತ್ರಿಯ ಕಾರಿನ ಕಿಟಕಿಯಾಚೆಗೇ ಕಡಿಯಲಾಯಿತು. ನೀವು ಸಭೆಗಳಲ್ಲಿ ಕೇಳಿದ್ದು ಕಾಮಗಾರಿ ಯಾಕೆ ತಡ ಎಂದು. ಕುಸಿದ ಮೇಲೆ ಮಾತ್ರ ರಾಜ್ಯದವರು ಅದು ಕೇಂದ್ರದ ಹೆದ್ದಾರಿ ಎಂದರು, ಕೇಂದ್ರದ ಕಡೆಯವರು ಪ್ರಕೃತಿ ವಿಕೋಪ ಎಂದರು. ಹೆದ್ದಾರಿ ಯಾರದ್ದೇ ಇರಲಿ, ಗುಡ್ಡ ನಮ್ಮ ಜಿಲ್ಲೆಗಳದ್ದು, ಆ ಗುಡ್ಡದ ಕೆಳಗಿನ ಮನೆಗಳು ನಿಮ್ಮ ಮತದಾರರದ್ದು.

ವಯನಾಡಿನಲ್ಲೂ ಇದೇ ಆಯಿತು. ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದವು. ಮಾರನೆಯ ದಿನ, ಇನ್ನೂ ಹೆಣಗಳನ್ನು ತೆಗೆಯುತ್ತಿರುವಾಗಲೇ, ಕೇಂದ್ರ ಗೃಹ ಸಚಿವರು ರಾಜ್ಯಸಭೆಯಲ್ಲಿ ಕೇರಳಕ್ಕೆ ಮುನ್ಸೂಚನೆ ಕೊಟ್ಟಿದ್ದೆವು ಎಂದರು. ಕೇರಳದ ಮುಖ್ಯಮಂತ್ರಿ ಅಂದೇ ಅದನ್ನು ಅಲ್ಲಗಳೆದರು. ಕೆಲವೇ ದಿನಗಳಲ್ಲಿ ಕೇಂದ್ರ ಪರಿಸರ ಸಚಿವರು ಅಕ್ರಮ ವಾಸ, ಅಕ್ರಮ ಗಣಿಗಾರಿಕೆಗೆ ಅಲ್ಲಿನ ರಾಜಕಾರಣಿಗಳ ರಕ್ಷಣೆ ಇತ್ತು ಎಂದರು. ಅಲ್ಲಿ ಸತ್ತವರಲ್ಲಿ ಅನೇಕರು ನಮ್ಮ ಕಡೆಯ ಲೈನ್ ಮನೆಗಳಲ್ಲಿರುವಂಥ ತೋಟದ ಕೆಲಸಗಾರರು. ಅವರಿಗೆ ಮುನ್ಸೂಚನೆ ಯಾವ ಕಚೇರಿಯಿಂದ ಯಾವ ಕಚೇರಿಗೆ ಹೋಯಿತು ಎಂಬುದರಿಂದ ಏನೂ ಆಗಬೇಕಾಗಿರಲಿಲ್ಲ. ತಮ್ಮ ಮನೆ ಬಾಗಿಲಿಗೆ ಬಂತೇ ಎಂಬುದಷ್ಟೇ ಅವರ ಪಾಲಿಗೆ ಮುಖ್ಯವಾಗಿತ್ತು.

ಈಗ ನಿಮ್ಮಲ್ಲಿ ಯಾರಿಗೂ ಇಷ್ಟವಾಗದ ಮಾತಿಗೆ ಬರುತ್ತೇನೆ. ಮಲೆನಾಡಿನಲ್ಲಿ ಗಾಡ್ಗೀಳ್, ಕಸ್ತೂರಿರಂಗನ್ ಎಂಬ ಎರಡು ಹೆಸರು ಹೇಳಿದರೆ ಸಾಕು, ಸಭೆ ಕಾವೇರುತ್ತದೆ. ಹಾಗೆ ಮಾಡಿದ್ದು ನೀವು. ಪಶ್ಚಿಮ ಘಟ್ಟದ ರಕ್ಷಣೆಯ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಆಗಿನ ಕೇಂದ್ರ ಸರ್ಕಾರ ಅದನ್ನು ಹೊರಗೆ ಬಿಡಲು ಮರುವರ್ಷದವರೆಗೆ ಸತಾಯಿಸಿತು, ಮಾಹಿತಿ ಹಕ್ಕಿನ ಹೋರಾಟ ಬೇಕಾಯಿತು. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಗ್ರಾಮಸಭೆಗಳು ಚರ್ಚಿಸಲಿ ಎಂಬುದು ಗಾಡ್ಗೀಳರ ಮುಖ್ಯ ಮಾತಾಗಿತ್ತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಅದನ್ನು ತಿದ್ದಿ, ಘಟ್ಟದ ಶೇ 37ರಷ್ಟು ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಮಾಡಿ ಎಂದಿತು. 2014ರಿಂದ ಕೇಂದ್ರ ಕರಡು ಅಧಿಸೂಚನೆ ಹೊರಡಿಸುತ್ತಲೇ ಇದೆ, ಆರನೆಯದರ ತಾರೀಖು 2024ರ ಜುಲೈ 31. ವಯನಾಡು ಕುಸಿದ ಮಾರನೆಯ ದಿನ. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಎರಡು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 26ರಂದು ನಮ್ಮ ರಾಜ್ಯ ಸಂಪುಟ ಆ ವರದಿಯನ್ನು ತಿರಸ್ಕರಿಸಿತು. ಅದಕ್ಕೆ ಮೊದಲಿನ ಸರ್ಕಾರವೂ 2022ರ ಕರಡನ್ನು ವಿರೋಧಿಸಿ ದೆಹಲಿಗೆ ನಿಯೋಗ ಒಯ್ದಿತ್ತು. ಪಕ್ಷ ಯಾವುದಾದರೂ ಈ ಒಂದು ವಿಷಯದಲ್ಲಿ ನಿಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ.

ವರದಿಯನ್ನು ವಿರೋಧಿಸುವುದೇ ತಪ್ಪು ಎನ್ನುವವನು ನಾನಲ್ಲ. ಬೆಳೆಗಾರರ ತಕರಾರಿನಲ್ಲಿ ಹುರುಳಿದೆ. ಉಪಗ್ರಹದ ಚಿತ್ರದಲ್ಲಿ ನೆರಳು ಮರದಡಿಯ ಕಾಫಿ ತೋಟ ಕಾಡಿನಂತೆಯೇ ಕಾಣುತ್ತದೆ. ಗ್ರಾಮದ ಶೇ 20ರಷ್ಟು ಭಾಗ ಸೂಕ್ಷ್ಮ ಎಂದಾದರೆ ಇಡೀ ಗ್ರಾಮವೇ ಪಟ್ಟಿ ಸೇರುವುದು ಯಾವ ನ್ಯಾಯ? ಹೀಗೆ ರಾಜ್ಯದ 1,576 ಗ್ರಾಮಗಳು ಪಟ್ಟಿಗೆ ಬಂದವು. ಇಲ್ಲಿಯೇ ನಿಮ್ಮ ಕೆಲಸವಿತ್ತು. ಊರೂರಿನಲ್ಲಿ ಸರ್ವೆ ಮಾಡಿಸಿ, ಗ್ರಾಮಸಭೆಯಲ್ಲಿ ಓದಿಸಿ, ಈ ಸರ್ವೆ ನಂಬರ್ ಇರಲಿ, ಇದು ಬೇಡ ಎಂದು ದೆಹಲಿಗೆ ಹೇಳಬಹುದಿತ್ತು. ಹತ್ತು ವರ್ಷ ಕೈಯಲ್ಲಿತ್ತು. ಬದಲಿಗೆ ನೀವು ಭಾಷಣಗಳಲ್ಲಿ ಹೇಳಿದ್ದು, ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ, ದನ ಮೇಯಿಸಲು ಬಿಡುವುದಿಲ್ಲ, ಒಂದು ಕೋಣೆ ಕಟ್ಟಲೂ ಆಗುವುದಿಲ್ಲ ಎಂದು. ಕರಡಿನಲ್ಲಿರುವ ಕಟ್ಟಡದ ನಿರ್ಬಂಧ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡದಕ್ಕೆ. ನಮ್ಮ ಹೋಬಳಿಯಲ್ಲಿ ಅಷ್ಟು ದೊಡ್ಡ ಮನೆ ಕಟ್ಟುವ ರೈತ ಯಾರಿದ್ದಾನೆ? ನಿಷೇಧ ಇರುವುದು ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ‘ಕೆಂಪು’ ಪಟ್ಟಿಯ ಕೈಗಾರಿಕೆಗಳಿಗೆ. ಈ ಸಾಲುಗಳನ್ನು ಒಂದು ಸಭೆಯಲ್ಲಾದರೂ ನೀವು ಓದಿ ಹೇಳಿದ್ದನ್ನು ನಾನು ಕೇಳಿಲ್ಲ. ರೈತನ ಹೆದರಿಕೆ ಮುಂದೆ, ಅದರ ಹಿಂದೆ ಕ್ವಾರಿ ಮತ್ತು ದೊಡ್ಡ ರೆಸಾರ್ಟುಗಳು ಸುರಕ್ಷಿತ.

ಕುದುರೆಮುಖದ ಗಣಿಯನ್ನು ನೆನಪಿಸಿಕೊಳ್ಳಿ. ಭದ್ರೆಯಲ್ಲಿ ಕೆಂಪು ಹೂಳು ಹರಿಯುತ್ತಿದ್ದ ಆ ಗಣಿ 2005ರ ಕೊನೆಗೆ ನಿಂತಿತು, ನಿಲ್ಲಿಸಿದ್ದು ಸುಪ್ರೀಂ ಕೋರ್ಟಿನ 2002ರ ತೀರ್ಪು. ಯಾವ ಸರ್ಕಾರವೂ ತಾನಾಗಿ ನಿಲ್ಲಿಸಲಿಲ್ಲ.

ಒತ್ತುವರಿಯ ವಿಷಯದಲ್ಲಂತೂ ನಿಮ್ಮ ಮಾತು ತಿಂಗಳಿಗೊಂದು. ವಯನಾಡಿನ ನಂತರ ಅರಣ್ಯ ಸಚಿವರು ಪಶ್ಚಿಮ ಘಟ್ಟದಲ್ಲಿ 2015ರ ಮೇಲಾದ ಅರಣ್ಯ ಒತ್ತುವರಿ ತೆರವು ಮಾಡಲು ಆದೇಶಿಸಿದರು. ಅದೇ ರಾಜ್ಯದಲ್ಲಿ, ಒತ್ತುವರಿಯಾದ ಸರ್ಕಾರಿ ಜಮೀನನ್ನು ಕಾಫಿ ಬೆಳೆಗಾರರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡುವ ತಿದ್ದುಪಡಿ ಚಾಲ್ತಿಯಲ್ಲಿದೆ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ಅಧ್ಯಕ್ಷರು ಶಾಸಕರೇ. ಚುನಾವಣೆಗೆ ಮೊದಲು ನಮೂನೆ 57 ತುಂಬಿ, ಸಕ್ರಮ ಮಾಡಿಕೊಡುತ್ತೇನೆ ಎನ್ನುವವರು ನೀವು, ಗುಡ್ಡ ಜರಿದ ಮೇಲೆ ಒತ್ತುವರಿಯೇ ಕಾರಣ ಎನ್ನುವವರೂ ನೀವು. ಒಂದೂವರೆ ಎಕರೆಯ ಬಡವ ಎರಡೂ ಸಲ ನಿಮ್ಮ ಕೈಯಲ್ಲಿ ಸಿಕ್ಕಿಬೀಳುತ್ತಾನೆ. ಗುಡ್ಡದ ನೆತ್ತಿ ಸಮ ಮಾಡಿ ಹೋಂಸ್ಟೇ, ರೆಸಾರ್ಟ್ ಕಟ್ಟಿದವರ ಹೆಸರು ನಿಮ್ಮ ಬಾಯಲ್ಲಿ ಬರುವುದು ಅಪರೂಪ. ಮುಳ್ಳಯ್ಯನಗಿರಿಯ ದಾರಿಯಲ್ಲಿ ಒಮ್ಮೆ ನಿಂತು ಸುತ್ತ ನೋಡಿ, ಯಾರು ಏನು ಕಡಿದಿದ್ದಾರೆ ಎಂಬುದಕ್ಕೆ ಸಮಿತಿ ಬೇಕಾಗುವುದಿಲ್ಲ.

ಪರಿಹಾರದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದನ್ನು ಬಹಳ ಜನ ಬರೆದಿದ್ದಾರೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು, ಅದು ಒಳ್ಳೆಯ ನಿರ್ಧಾರವೇ. ಆದರೆ ಮನೆ ಕಟ್ಟಲು ಜಾಗವೇ ಜರಿದುಹೋದವನು ಆ ಹಣವನ್ನು ಎಲ್ಲಿ ಹಾಕಬೇಕು? ಇನ್ನು ಲೈನ್ ಮನೆಯವರು ಯಾವ ಲೆಕ್ಕಕ್ಕೂ ಬರುವುದಿಲ್ಲ. ಮನೆ ಮಾಲೀಕನದ್ದು, ಪಹಣಿ ಮಾಲೀಕನದ್ದು. ಹೋದದ್ದು ಅವರ ಪಾತ್ರೆ, ಬಟ್ಟೆ, ಮಕ್ಕಳ ಪುಸ್ತಕ, ರೇಷನ್ ಕಾರ್ಡು. ಕಾಳಜಿ ಕೇಂದ್ರದಲ್ಲಿ ನಾಲ್ಕು ದಿನ ಊಟ, ಆಮೇಲೆ ಅದೇ ಧರೆಯ ಕೆಳಗಿನ ಅದೇ ಲೈನು. ಅವರಲ್ಲಿ ಎಷ್ಟೋ ಜನರ ಮತ ಇಲ್ಲಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ನಾನು ಯಾರ ರಾಜೀನಾಮೆಯನ್ನೂ ಕೇಳುತ್ತಿಲ್ಲ. ರಾಜೀನಾಮೆ ಕೊಟ್ಟು ಹೋದರೆ ಮತ್ತೊಬ್ಬರು ಬಂದು, ಹಿಂದಿನವರು ಹೀಗೆ ಮಾಡಿದ್ದರು ಎನ್ನುತ್ತಾರೆ. ನನಗೆ ಬೇಕಿರುವುದು ಬರಹ. ಗುಡ್ಡ ಕಡಿಯುವ ಪ್ರತಿ ಕಾಮಗಾರಿಗೂ, ರಸ್ತೆಯಿರಲಿ, ಪೈಪಿನ ಕಾಲುವೆಯಿರಲಿ, ಭೂಪರಿವರ್ತನೆಯಿರಲಿ, ಶಿಫಾರಸು ಮಾಡಿದ ಜನಪ್ರತಿನಿಧಿಯ ಹೆಸರು ಮತ್ತು ಸಹಿ ಕಡತದಲ್ಲಿರಬೇಕು. ಅಧಿಕಾರಿಗೆ ಫೋನ್ ಮಾಡಿ ಹೇಳುವುದನ್ನು ಪತ್ರದಲ್ಲಿ ಹೇಳಿ. ಎಂಜಿನಿಯರ್, ಗುತ್ತಿಗೆದಾರ, ಒಪ್ಪಿಗೆ ಕೊಟ್ಟವರು, ಶಿಫಾರಸು ಮಾಡಿದವರು, ಈ ನಾಲ್ಕೂ ಹೆಸರುಗಳ ಫಲಕ ಕಡಿದ ಧರೆಯ ಮುಂದೆಯೇ ನಿಲ್ಲಲಿ. ಶಂಕುಸ್ಥಾಪನೆಯ ಕಲ್ಲಿನ ಮೇಲೆ ಹೆಸರು ಹಾಕಿಸಿಕೊಳ್ಳಲು ನಿಮಗೆ ಸಂಕೋಚವಿಲ್ಲ, ಇದಕ್ಕೂ ಇರಬಾರದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕುಸಿಯುವ ಸಾಧ್ಯತೆಯಿರುವ ಜಾಗಗಳ ನಕ್ಷೆ ಮಾಡಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಪಂಚಾಯಿತಿ ಮಟ್ಟದಲ್ಲಿವೆ. ಎರಡನ್ನೂ ಸೇರಿಸಿ, ಇಷ್ಟು ಮಳೆಯಾದರೆ ಈ ಊರಿನ ಈ ಮನೆಗಳು ಖಾಲಿಯಾಗಬೇಕು ಎಂಬುದನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿ. ಪಟ್ಟಿಯಲ್ಲಿ ಲೈನ್ ಮನೆಗಳೂ ಇರಲಿ. ಬಿರುಕಿನ ಬಗ್ಗೆ ಬಂದ ಅರ್ಜಿಗೆ ವಾರದೊಳಗೆ ಸ್ಥಳ ಮಹಜರು ಆಗಬೇಕು, ಅರ್ಜಿದಾರರ ಕೈಗೆ ಹಿಂಬರಹ ಸಿಗಬೇಕು. ಕಸ್ತೂರಿರಂಗನ್ ಕರಡನ್ನು ಪಟ್ಟಿಯಲ್ಲಿರುವ ಪ್ರತಿ ಊರಿನ ಗ್ರಾಮಸಭೆಯಲ್ಲಿ ಪೂರ್ತಿ ಓದಿಸಿ, ನೀವೂ ಬಂದು ಕೂರಿ, ಜನ ಬೇಡವೆಂದರೆ ಯಾಕೆ ಬೇಡ ಎಂಬುದನ್ನು ಸರ್ವೆ ನಂಬರ್ ಸಮೇತ ಬರೆಸಿ. ಜಿಲ್ಲಾ ಪಂಚಾಯಿತಿ ಎಂದೂ ಹೀಗೆ ವರ್ಷಗಟ್ಟಲೆ ಖಾಲಿ ಬೀಳದಂತೆ ವಿಧಾನಸಭೆಯಲ್ಲಿ ದನಿ ಎತ್ತಿ.

ತಾಲ್ಲೂಕು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಗೆ ಶಾಸಕರು ಅಧ್ಯಕ್ಷರು, ಜಿಲ್ಲಾ ಕೆಡಿಪಿ ಸಭೆಗೆ ಉಸ್ತುವಾರಿ ಸಚಿವರು. ಮುಂಗಾರಿಗೆ ಮೊದಲು ನಡೆಯುವ ಸಭೆಯಲ್ಲಿ ಈ ಪತ್ರವನ್ನು ವಿಷಯ ಪಟ್ಟಿಗೆ ಸೇರಿಸಿ, ಪ್ರತಿ ಬೇಡಿಕೆಯ ಮುಂದೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ನಡಾವಳಿಯಲ್ಲಿ ಬರೆಸಬೇಕಾಗಿ ವಿನಂತಿ. ಆ ನಡಾವಳಿಯ ಪ್ರತಿ ಪಡೆಯಲು ಸಭೆಯ ಮರುದಿನವೇ ತಾಲ್ಲೂಕು ಪಂಚಾಯಿತಿ ಕಚೇರಿಗೆ ಬಂದು ಅರ್ಜಿ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ